ಬಿಟ್ಟು ಬಂದ ನಾಡಿಗೆ ಹೋಗಿಬರುವುದು

ಪ್ರಾಣಭಯದಿಂದ ಸ್ವದೇಶವನ್ನು ತೊರೆದು ಪರದೇಶದಲ್ಲಿ ಆಶ್ರಯ ಪಡೆದವನೊಬ್ಬನು ಕೆಲವು ವರ್ಷಗಳ ತರುವಾಯ ಅದೇ ಸ್ವದೇಶಕ್ಕೆ ಹತ್ತು ದಿನಗಳ ಮಟ್ಟಿಗೆ ಹೋಗಿಬಂದನೆಂದು ತಿಳಿದರೆ, ಆಶ್ರಯವಿತ್ತ ನಾಡಿನ ಜನರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು? “ಹಾಗಾದರೆ ಇವನ ಭಯ ನಿಜವಾಗಿತ್ತೆ?” ಎಂಬುದು. ಹೀಗೆ ಕೇಳುವವರೆಲ್ಲರೂ ಕಠಿಣಹೃದಯರೆಂದು ನಾವು ಭಾವಿಸಬೇಕಾಗಿಲ್ಲ. ಅನ್ನವನ್ನೂ ನೆಲವನ್ನೂ ಹಂಚಿಕೊಂಡವನಿಗೆ ಕೇಳುವ ಹಕ್ಕು ಉಂಟು. ಆದರೆ ಆ ಪ್ರಯಾಣವನ್ನೇ ಪ್ರಶ್ನೆಗೆ ಉತ್ತರವೆಂದು ಎಣಿಸಬಹುದೆ ಎಂಬುದು ವಿಚಾರಾರ್ಹವಾದ ವಿಷಯ.

1951ರ ಜುಲೈ 28ರಂದು ಜಿನೀವಾದಲ್ಲಿ ಅಂಗೀಕೃತವಾದ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಮತ, ರಾಷ್ಟ್ರೀಯತೆ, ಸಾಮಾಜಿಕ ವರ್ಗ ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೊಳಗಾಗುವ ಸಾಧಾರ ಭೀತಿಯುಳ್ಳವನನ್ನು ನಿರಾಶ್ರಿತನೆಂದು ಕರೆಯುತ್ತದೆ. ಆಶ್ರಯವು ಕೊನೆಗೊಳ್ಳುವ ಸಂದರ್ಭಗಳನ್ನೂ ಅದು ಹೇಳಿದೆ. ತಾನು ಬಿಟ್ಟುಬಂದ ದೇಶದ ರಕ್ಷಣೆಯನ್ನು ಅವನು ಸ್ವೇಚ್ಛೆಯಿಂದ ಮತ್ತೆ ಪಡೆದುಕೊಂಡರೆ, ಅಥವಾ ಅಲ್ಲಿ ಸ್ವೇಚ್ಛೆಯಿಂದ ಮತ್ತೆ ನೆಲೆಸಿದರೆ, ಅವನು ನಿರಾಶ್ರಿತನಾಗಿ ಉಳಿಯುವುದಿಲ್ಲ. ‘ನೆಲೆಸಿದರೆ’ ಎಂದಿದೆಯೇ ಹೊರತು ‘ಹೋಗಿಬಂದರೆ’ ಎಂದಿಲ್ಲ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರರ ಕಚೇರಿಯು 1979ರಲ್ಲಿ ಹೊರತಂದ ಕೈಪಿಡಿ ಇನ್ನೂ ಸೂಕ್ಷ್ಮವಾಗಿ ವಿವೇಚಿಸುತ್ತದೆ. ಮುಪ್ಪಿನ ಅಥವಾ ಕಾಯಿಲೆಯ ತಂದೆತಾಯಿಗಳನ್ನು ನೋಡಲು ಹೋಗುವುದು ಬೇರೆ. ವಿಹಾರಕ್ಕೋ ವ್ಯಾಪಾರಸಂಬಂಧಕ್ಕೋ ಪದೇ ಪದೇ ಹೋಗುವುದು ಬೇರೆ. ಒಂದೊಂದು ಪ್ರಸಂಗವನ್ನೂ ಅದರದರ ಗುಣದಿಂದಲೇ ತೂಗಬೇಕು ಎಂಬುದು ಅದರ ಅಭಿಪ್ರಾಯ.

ನಮ್ಮ ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿಬರುತ್ತೇನೆ’ ಎನ್ನುತ್ತಾರೆ. ರಾತ್ರೋರಾತ್ರಿ ಗಡಿ ದಾಟಿದವನಿಗೆ ಆ ಒಂದು ಮಾತನ್ನು ಆಡುವ ಅವಕಾಶವೂ ದೊರೆತಿರುವುದಿಲ್ಲ. ಅವನು ಅಂಜಿ ಓಡಿದ್ದು ಒಂದು ಸರ್ಕಾರಕ್ಕೆ, ಒಂದು ಪೊಲೀಸು ಠಾಣೆಗೆ, ಕೆಲವೊಮ್ಮೆ ನೆರೆಯವನಿಗೆ. ತಾಯಿಗೆ ಅಂಜಿ ಓಡಿದವನಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂದಾಗ ಭಯ ಕರಗಿತೆಂದು ಹೋಗುತ್ತಾನೆಯೆ? ಭಯವನ್ನು ಹೊತ್ತುಕೊಂಡೇ ಹೋಗುತ್ತಾನೆ. ಭಯವಿದ್ದರೂ ಹೋಗುವವರು ಲೋಕದಲ್ಲಿ ಇಲ್ಲವಾದರೆ ಧೈರ್ಯವೆಂಬ ಪದಕ್ಕೆ ಅರ್ಥವೇ ಉಳಿಯದು.

ಇಷ್ಟಕ್ಕೇ ಎಲ್ಲರನ್ನೂ ನಿರ್ದೋಷಿಗಳೆಂದು ಬಿಡುವುದೂ ನಮಗೆ ಸಮ್ಮತವಲ್ಲ. ವರ್ಷವರ್ಷವೂ ಬೇಸಗೆ ಕಳೆಯಲು ಹೋಗುವವನು, ಅಲ್ಲಿ ಅಂಗಡಿಯಿಟ್ಟು ಲಾಭ ಎಣಿಸುವವನು, ತನಗೇ ಅಲ್ಲದೆ ಬೇರೊಬ್ಬನಿಗೂ ಕೇಡು ಮಾಡುತ್ತಾನೆ. ಊರಿಗೆ ಕಾಲಿಟ್ಟ ದಿನವೇ ಸೆರೆಮನೆ ಸೇರಬೇಕಾದವನು ನಾಳೆ ಅದೇ ಕಚೇರಿಯ ಬಾಗಿಲಲ್ಲಿ ನಿಂತು ತನ್ನ ಕಥೆಯನ್ನು ಹೇಳಬೇಕು. ಇವನ ವಿಹಾರ ಅವನ ಮಾತಿನ ಬೆಲೆಯನ್ನು ತಗ್ಗಿಸಿರುತ್ತದೆ.

ಶಾಲೆಗಳಲ್ಲಿ ಶಿಬಿಯ ಕಥೆಯನ್ನು ನಾವೆಲ್ಲ ಹೇಳುತ್ತ ಬಂದಿದ್ದೇವೆ. ಶರಣುಬಂದ ಪಾರಿವಾಳಕ್ಕಾಗಿ ಅರಸನು ತನ್ನ ತೊಡೆಯ ಮಾಂಸವನ್ನೇ ಕೊಯ್ದು ತಕ್ಕಡಿಗಿಟ್ಟನು. ಆ ಪಾರಿವಾಳ ನಿಜವಾದ ಪಾರಿವಾಳವಾಗಿರಲಿಲ್ಲ. ಅಗ್ನಿಯು ವೇಷ ಹಾಕಿ ಬಂದಿದ್ದನು, ಗಿಡುಗನಾಗಿದ್ದವನು ಇಂದ್ರನು. ಎಂದರೆ ಶರಣಾಗತಿಯ ಈ ಮಹಾಕಥೆಯಲ್ಲಿ ಶರಣಾರ್ಥಿಯ ಭಯವೇ ನಟನೆ! ಹಾಗೆಂದು ಶಿಬಿ ಮೋಸಹೋದನೆಂದು ಯಾವ ವಿದ್ಯಾರ್ಥಿಯೂ ಹೇಳಿದ್ದಿಲ್ಲ. ಕೊಟ್ಟವನ ಧರ್ಮ ಪಡೆದವನ ಪ್ರಾಮಾಣಿಕತೆಯನ್ನು ಅವಲಂಬಿಸಿಲ್ಲ. ಆದರೆ ಶಿಬಿ ಕೊಯ್ದದ್ದು ತನ್ನ ಮೈಯನ್ನು. ಇಂದಿನ ಸರ್ಕಾರವು ಕೊಯ್ಯುವುದು ತೆರಿಗೆ ತೆರುವ ಪ್ರಜೆಗಳ ಮೈಯನ್ನು. ಆದುದರಿಂದ ಶಿಬಿ ವಿಚಾರಿಸದೆ ಕೊಟ್ಟದ್ದು ಶೋಭಿಸುತ್ತದೆ. ಸರ್ಕಾರವು ವಿಚಾರಿಸಿಯೇ ಕೊಡಬೇಕಾಗುತ್ತದೆ. ಎಂಥ ವಿಚಾರಣೆ ಎಂಬಲ್ಲಿಯೇ ತೊಡಕು.

ನಮ್ಮ ನೆರೆಯಲ್ಲಿಯೇ ಉದಾಹರಣೆಯುಂಟು. 1959ರಲ್ಲಿ ದಲಾಯಿ ಲಾಮಾ ಅವರ ಬೆನ್ನಲ್ಲಿ ಹಿಮಾಲಯವನ್ನು ದಾಟಿಬಂದ ಟಿಬೆಟಿನವರಿಗೆ ಬೈಲುಕುಪ್ಪೆ, ಮುಂಡಗೋಡ, ಕೊಳ್ಳೇಗಾಲದ ಕಡೆಯ ಕಾಡುಭೂಮಿಗಳಲ್ಲಿ ನೆಲೆ ದೊರೆಯಿತು. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ಆದರೂ ನೆಲ ಕೊಟ್ಟಿತು. ಇಪ್ಪತ್ತು ವರ್ಷಗಳ ಮೇಲೆ, 1979ರ ಆಗಸ್ಟಿನಲ್ಲಿ, ದಲಾಯಿ ಲಾಮಾ ಅವರ ಅಣ್ಣ ಲೋಬ್ಸಂಗ್ ಸಾಮ್ತೆನ್ ಅವರನ್ನೊಳಗೊಂಡ ನಿಯೋಗವೊಂದು ಚೀನದ ಒಪ್ಪಿಗೆಯಿಂದ ಟಿಬೆಟಿಗೆ ಹೋಗಿ ನಾಡನ್ನು ಕಣ್ಣಾರೆ ಕಂಡುಬಂದಿತು. ಹೋದಲ್ಲೆಲ್ಲ ಜನ ಕಿಕ್ಕಿರಿದು ಸೇರಿ ಕಣ್ಣೀರಿಟ್ಟರು. 1980ರಲ್ಲಿ ದಲಾಯಿ ಲಾಮಾ ಅವರ ತಂಗಿ ಜೆತ್ಸುನ್ ಪೇಮಾ ಅವರ ಮುಂದಾಳುತನದಲ್ಲಿ ಮತ್ತೊಂದು ನಿಯೋಗ ಹೋಗಿ ವಿಶೇಷವಾಗಿ ಶಾಲೆಗಳನ್ನು ನೋಡಿತು. ಅವರು ನಿರಾಶ್ರಿತ ಮಕ್ಕಳ ಶಾಲೆಗಳನ್ನು ನಡೆಸಿದವರು. ಉಪಾಧ್ಯಾಯ ಮಿತ್ರರಿಗೆ ಈ ಸಂಗತಿ ಪ್ರಿಯವಾದೀತು. ಇವರು ಹೋಗಿಬಂದರೆಂದು ಟಿಬೆಟಿನವರ ಭಯ ಸುಳ್ಳೆಂದು ಯಾರೂ ಹೇಳಲಿಲ್ಲ. ನೋಡಿಬಂದವರ ಮಾತಿನಿಂದ ಆ ಭಯಕ್ಕೆ ಸಾಕ್ಷಿಯೇ ದೊರೆಯಿತು. ಆದರೆ ನಿಯೋಗದವನಿಗೆ ಸಲ್ಲುವ ಈ ಗೌರವ ಸಾಮಾನ್ಯನಿಗೆ ಏಕೆ ಸಲ್ಲದು? ಇಲ್ಲಿ ನೆಲೆಸಿದ ಟಿಬೆಟಿನವನು ಹೊರದೇಶಕ್ಕೆ ಹೋಗಬೇಕಾದರೆ ಗುರುತಿನ ಪ್ರಮಾಣಪತ್ರ ಬೇಕು. ಮರಳಿ ಬರಲು ಆಕ್ಷೇಪವಿಲ್ಲವೆಂಬ ಅನುಮತಿಯೂ ಬೇಕು. ಅಣ್ಣನ ಅಂತ್ಯಕ್ರಿಯೆ ಕಾಗದಗಳಿಗಾಗಿ ಕಾಯುವುದಿಲ್ಲ.

ಸಿರಿಯಾದವರ ಕಥೆಯಲ್ಲಿ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ತುರ್ಕಿಯಲ್ಲಿ ಲಕ್ಷಾಂತರ ಸಿರಿಯನ್ನರು ತಾತ್ಕಾಲಿಕ ರಕ್ಷಣೆಯಲ್ಲಿದ್ದ ಕಾಲಕ್ಕೆ, ರಂಜಾನ್, ಬಕ್ರೀದ್ ಹಬ್ಬಗಳಲ್ಲಿ ಗಡಿ ದಾಟಿ ಬಂಧುಗಳನ್ನು ನೋಡಿಬರಲು ಸರ್ಕಾರ ಅವಕಾಶವಿತ್ತಿತ್ತು. “ಹಬ್ಬಕ್ಕೆ ಹೋಗಬಲ್ಲವರು ಅಲ್ಲಿಯೇ ಏಕೆ ಇರಬಾರದು?” ಎಂಬ ಕೂಗು ಬಲವಾಗಿ, 2022ರಲ್ಲಿ ಅದನ್ನು ನಿಲ್ಲಿಸಿದರು. ಕೂಗಿದವರು ಒಂದನ್ನು ಮರೆತಿದ್ದರು. ಬಾಬ್ ಅಲ್-ಹವಾ, ಬಾಬ್ ಅಲ್-ಸಲಾಮಾ ಗಡಿಬಾಗಿಲುಗಳ ಆಚೆಗಿದ್ದ ಪ್ರದೇಶ ಆಗ ದಮಾಸ್ಕಸ್ ಸರ್ಕಾರದ ಕೈಯಲ್ಲಿರಲಿಲ್ಲ. ಹಬ್ಬಕ್ಕೆ ಹೋದವರು ತಾವು ಅಂಜಿದ ಪೊಲೀಸರ ಬಳಿಗೆ ಹೋದವರಲ್ಲ. ದೇಶದ ಹೆಸರು ಒಂದೇ ಆದರೂ ಅಪಾಯ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಅದಲ್ಲದೆ ಮೂರು ದಿನ ಕದ್ದುಮುಚ್ಚಿ ಇರಬಲ್ಲ ಮನೆಯಲ್ಲಿ ಮೂವತ್ತು ವರ್ಷ ಬಾಳಬಹುದೆಂಬ ತರ್ಕ ಯಾವ ಶಾಸ್ತ್ರದ್ದೋ ನಾವರಿಯೆವು.

2024ರ ಅಕ್ಟೋಬರ್ 31ರಿಂದ ಜಾರಿಗೆ ಬಂದ ಜರ್ಮನಿಯ ಕಾಯಿದೆಯು, ಆಶ್ರಿತನು ಸ್ವದೇಶಕ್ಕೆ ಹೋದರೆ ಅವನಿಗೆ ರಕ್ಷಣೆಯ ಅಗತ್ಯ ತೀರಿತೆಂದೇ ಊಹಿಸತಕ್ಕದ್ದೆಂದು ವಿಧಿಸಿದೆ. ಪ್ರಯಾಣವು ನೈತಿಕವಾಗಿ ಅನಿವಾರ್ಯವಾಗಿದ್ದರೆ ಮಾತ್ರ ವಿನಾಯಿತಿ. ಹತ್ತಿರದ ಬಂಧುವಿನ ಕಠಿಣ ಕಾಯಿಲೆ ಅಥವಾ ಅಂತ್ಯಕ್ರಿಯೆ ಅಂಥವು. ಈ ವಿನಾಯಿತಿಯನ್ನು ಇಟ್ಟವರ ವಿವೇಕವನ್ನು ನಾವು ಮೆಚ್ಚುತ್ತೇವೆ. ಆದರೂ ಬಂಧುತ್ವದ ಹತ್ತಿರವನ್ನು ಅಳೆಯುವವರು ಯಾರು? ಎತ್ತಿ ಆಡಿಸಿ ಸಾಕಿದ ಸೋದರತ್ತೆ ಯಾವ ಪಟ್ಟಿಗೆ ಸೇರುತ್ತಾಳೆ? ಗುಮಾಸ್ತನ ಪಟ್ಟಿಯಲ್ಲಿ ಅವಳಿಗೆ ಎಡೆಯಿಲ್ಲದಿದ್ದರೆ ಹೋಗುವವನು ಹೋಗದಿರುವುದಿಲ್ಲ; ಮೂರನೆಯ ದೇಶದ ದಾರಿ ಹಿಡಿದು, ಬಾಯಿ ಬಿಡದೆ ಹೋಗುತ್ತಾನೆ. ಸತ್ಯವನ್ನು ಕಾಯಲು ಮಾಡಿದ ನಿಯಮ ಸುಳ್ಳಿನ ಅಭ್ಯಾಸ ಮಾಡಿಸುತ್ತದೆ.

2024ರ ಡಿಸೆಂಬರ್ 8ರಂದು ಅಸ್ಸಾದರ ಆಳ್ವಿಕೆ ಕುಸಿದ ಮೇಲೆ, ಮರಳಬೇಕೇ ಎಂಬ ಪ್ರಶ್ನೆ ಪ್ರತಿಯೊಂದು ಸಿರಿಯನ್ ಮನೆಯಲ್ಲೂ ಎದ್ದಿತು. ಆಗ ತುರ್ಕಿ ಮಾಡಿದ್ದು ಸರಿಯೆಂದು ನಮಗೆ ತೋರುತ್ತದೆ. 2025ರ ಜನವರಿ 1ರಿಂದ ಜುಲೈ 1ರವರೆಗೆ ಒಂದೊಂದು ಕುಟುಂಬದಿಂದ ಒಬ್ಬರು ಮೂರು ಸಲ ಹೋಗಿ ನೋಡಿಬರಲು ಅದು ಅನುಮತಿಯಿತ್ತಿತು. ಮನೆಗೆ ಮಾಡು ಉಳಿದಿದೆಯೆ, ಬಾವಿಯಲ್ಲಿ ನೀರಿದೆಯೆ, ಮಕ್ಕಳಿಗೆ ಶಾಲೆ ಇದೆಯೆ, ಹೊಲದಲ್ಲಿ ಸಿಡಿಗುಂಡು ಹುದುಗಿದೆಯೆ ಎಂಬುದನ್ನು ಪತ್ರಿಕೆ ಓದಿ ತಿಳಿಯಲಾಗದು. ಜರ್ಮನಿಯಲ್ಲಿದ್ದವನಿಗಾದರೋ ಅದೇ ನೋಟಕ್ಕೆ ತೆರಬೇಕಾದ ಬೆಲೆ ಅವನ ಆಶ್ರಯವೇ ಆಗಿಬಿಡಬಹುದು. ಹೋಗಿ ನೋಡಿದರೆ ಮರಳಬೇಕೆಂದು ನಿಶ್ಚಯಿಸಬಹುದಾಗಿದ್ದವನು, ನೋಡಲು ಹೋಗುವುದಕ್ಕೇ ಅಂಜಿ ಅಲ್ಲಿಯೇ ಉಳಿಯುತ್ತಾನೆ; ಅವನು ಉಳಿದನೆಂದು ನಾಡಿನವರು ಮತ್ತೆ ಗೊಣಗುತ್ತಾರೆ.