ಟಾಸಿಗೆ ಮುಂಚಿನ ಮೂರು ನಿಮಿಷ

ಸುಮಾರು ಮೂವತ್ತು ವರ್ಷ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರ್ ಆಗಿದ್ದವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಹೊರಟರೆ ಓಣಿಯ ಹೆಂಗಸರು, "ಏನ್ರೀ, ಇವತ್ತೂ ಪೊಲೀಸ್ ಡ್ಯೂಟೀನಾ?" ಎಂದು ನಗುತ್ತಿದ್ದರು. ಕಬಡ್ಡಿಗೆ ರೆಫರಿಯಾಗುವ ಹೆಂಗಸರು ನಮ್ಮ ಕಡೆ ಆಗ ಕಡಿಮೆ. ಹಾಗಾಗಿ ತಾಲ್ಲೂಕು ಪಂದ್ಯಗಳೆಂದರೆ ನನಗೇ ಕರೆ ಬರುತ್ತಿತ್ತು.

ಪಂದ್ಯಕ್ಕೆ ಮೊದಲು ಎರಡೂ ತಂಡದ ನಾಯಕಿಯರನ್ನೂ ಅವರ ಮೇಷ್ಟ್ರುಗಳನ್ನೂ ಕರೆದು ರೆಫರಿ ನಾಲ್ಕು ಮಾತು ಹೇಳುವುದು ವಾಡಿಕೆ. ಎಲ್ಲರಿಗೂ ಬೇಗ ಟಾಸ್ ಹಾಕಬೇಕು, ಆಟ ಶುರುವಾಗಬೇಕು. ಆ ಮೂರು ನಿಮಿಷ ಯಾರಿಗೂ ಬೇಡದ್ದು. ನನಗೆ ಮಾತ್ರ ಅದು ಬಹಳ ಇಷ್ಟ. "ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ" ಎಂದು ಶುರುಮಾಡಿ, ಒಡಹುಟ್ಟಿದವರಂತೆ ಆಡಿ ಎಂದು ಬುದ್ಧಿ ಹೇಳಿ, "ರೆಫರಿಯ ತೀರ್ಪೇ ಅಂತಿಮ" ಎಂದು ಮುಗಿಸುತ್ತಿದ್ದೆ. ಚೆನ್ನಾಗಿ ಮಾತಾಡುತ್ತೇನೆಂಬ ಹೆಮ್ಮೆಯೂ ಇತ್ತು.

1996ರ ಮಳೆಗಾಲ. ಹಿಂದಿನ ರಾತ್ರಿ ಮಳೆ ಹೊಡೆದು ಅಂಗಳದ ಪಡುವಣ ಅಂಚಿನಲ್ಲಿ ನೀರು ನಿಂತಿತ್ತು. ಕಬಡ್ಡಿ ನೋಡಿದವರಿಗೆ ಗೊತ್ತು, ಅಂಗಳದ ಎರಡೂ ಪಕ್ಕದಲ್ಲಿ ಒಂದೊಂದು ಮೀಟರಿನ ಪಟ್ಟಿ ಇರುತ್ತದೆ. ಅದೇ ಲಾಬಿ. ರೈಡಿಗೆ ಹೋದವಳು ಯಾರನ್ನೂ ಮುಟ್ಟದೆ ಅಲ್ಲಿ ಕಾಲಿಟ್ಟರೆ ಔಟು. ಮುಟ್ಟಿದ ಮೇಲೆ ಮಾತ್ರ ಆ ಪಟ್ಟಿಯೂ ಅಂಗಳವೇ, ಅಲ್ಲಿಂದ ಓಡಿ ಮನೆ ಸೇರಬಹುದು. ಆ ದಿನ ಪಡುವಣ ಲಾಬಿ ಪೂರ್ತಿ ಕೆಸರು. ಮಕ್ಕಳು ಜಾರಿ ಕೈಕಾಲು ಮುರಿದುಕೊಂಡಾರು ಎಂದು, ಆ ಕಡೆ ಲಾಬಿಯೇ ಇಲ್ಲ, ಒಳಗೆರೆಯೇ ಕೊನೆ ಎಂದು ನಾನೇ ತೀರ್ಮಾನಿಸಿದೆ. ತೀರ್ಮಾನದಲ್ಲಿ ತಪ್ಪಿರಲಿಲ್ಲ.

ಬೆಳಗ್ಗೆ ಟೀ ಕುಡಿಯುವಾಗ ಒಂದು ತಂಡದ ಮೇಷ್ಟ್ರು, "ಮೇಡಂ, ಆ ಕೆಸರಿಗೆ ಏನ್ ಮಾಡ್ತೀರಿ?" ಎಂದು ಕೇಳಿದರು. ಹೇಳಿದೆ. ಆಮೇಲೆ ನಾಯಕಿಯರನ್ನು ಕರೆದಾಗ ಉಗುರು ನೋಡಿದೆ, ಬಳೆ-ಓಲೆ ತೆಗೆಸಿದೆ, ಮೈಗೆ ಎಣ್ಣೆ ಹಚ್ಚಿದ್ದಾರೆಯೇ ಎಂದು ವಿಚಾರಿಸಿದೆ, ನನ್ನ ಭಾಷಣವನ್ನೂ ಬಿಡಲಿಲ್ಲ. ಕೆಸರಿನ ಮಾತು ಮರೆತೇಹೋಯಿತು.

ಆಟದ ಕೊನೆಯ ರೈಡು. ಟೀ ಹೊತ್ತಿನಲ್ಲಿ ನನ್ನ ಮಾತು ಕೇಳದ ತಂಡದ ಹುಡುಗಿ. ಎರಡು ಜಡೆಯನ್ನೂ ಮೇಲೆತ್ತಿ ಕಟ್ಟಿದ್ದ ತೆಳ್ಳನೆಯ ಹುಡುಗಿ. ಒಬ್ಬಳ ಭುಜ ಮುಟ್ಟಿದಳು, ಉಸಿರು ಬಿಡದೆ ಕೆಸರಿನ ಲಾಬಿಯಲ್ಲೇ ಓಡಿ ನಡುಗೆರೆ ದಾಟಿದಳು. ಅವಳ ತಂಡ ಕುಣಿಯಿತು. ನಾನು ಸೀಟಿ ಊದಿ ಔಟ್ ಕೊಟ್ಟೆ. ಒಂದೇ ಪಾಯಿಂಟಿನಲ್ಲಿ ಅವರು ಸೋತರು.

ಹುಡುಗಿ ಜಗಳವಾಡಲಿಲ್ಲ. ಕೆಸರು ಮೆತ್ತಿದ ಕಾಲಲ್ಲೇ ಹತ್ತಿರ ಬಂದು, "ಟೀಚರ್, ಮೊದಲೇ ಹೇಳಿದ್ರೆ ಆ ಕಡೆ ಹೋಗ್ತಾನೇ ಇರ್ಲಿಲ್ಲ" ಎಂದಳು. ನಾನು ಆ ಇನ್ನೊಬ್ಬ ಮೇಷ್ಟ್ರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಚಪ್ಪಲಿಯ ಮಣ್ಣು ಕೆರೆಯುತ್ತಿದ್ದರು.

ಆಗಲಾದರೂ ತಪ್ಪೊಪ್ಪಿಕೊಂಡು ಆ ರೈಡನ್ನು ಮತ್ತೆ ಆಡಿಸಬಹುದಿತ್ತು. ಆದರೆ ಅರ್ಧ ಗಂಟೆ ಹಿಂದೆ ನಾನೇ ಹೇಳಿದ್ದೆನಲ್ಲ, ತೀರ್ಪೇ ಅಂತಿಮವೆಂದು! ಆ ಮಾತಿನ ಹಿಂದೆ ಅಡಗಿಕೊಂಡೆ. ಮಕ್ಕಳು ಗಲಾಟೆ ಮಾಡದಿರಲೆಂದು ಆಡಿದ ಮಾತು ನನ್ನ ತಪ್ಪಿಗೇ ಗುರಾಣಿಯಾಯಿತು. ಸಂಜೆ ಆ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಹಂಚಿಕೊಂಡು ತಿನ್ನುತ್ತಿದ್ದುದನ್ನು ನೋಡಿದೆ. ಹತ್ತಿರ ಹೋಗಿ ಮಾತಾಡಿಸುವ ಧೈರ್ಯವಾಗಲಿಲ್ಲ.

ಆ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಿಯಮ ಸರಿಯಿದ್ದು, ತೀರ್ಪೂ ನಿಯಮದಂತೆಯೇ ಇದ್ದು, ನಿಯಮವನ್ನು ತಿಳಿಸದೇ ಇದ್ದರೆ ಅದು ನ್ಯಾಯವೇ? ಒಬ್ಬರಿಗೆ ತಿಳಿಸಿ ಇನ್ನೊಬ್ಬರಿಗೆ ತಿಳಿಸದಿದ್ದರಂತೂ? ನನ್ನ ಮನಸ್ಸಿನಲ್ಲಿ ಪಕ್ಷಪಾತ ಇರಲಿಲ್ಲ, ನಿಜ. ಆದರೆ ಸೋತ ಮಗುವಿಗೆ ನನ್ನ ಮನಸ್ಸು ಕಾಣುವುದಿಲ್ಲ, ಸೀಟಿ ಮಾತ್ರ ಕೇಳಿಸುತ್ತದೆ.

"ಎಲ್ಲವನ್ನೂ ಹೇಳುತ್ತ ಕೂತರೆ ಆಟ ಆಡಿಸುವುದು ಯಾವಾಗ?" ಎಂದು ನೀವು ಕೇಳಬಹುದು. ಸರಿಯೇ. ಪುಸ್ತಕದಲ್ಲಿರುವ ನಿಯಮ ಕಲಿಸುವುದು ಅವರವರ ಮೇಷ್ಟ್ರ ಕೆಲಸ. ಹೆಚ್ಚು ಹೇಳುವುದರಲ್ಲೂ ತಪ್ಪಿದೆ. "ಮೋಸ ಮಾಡಿದರೆ ಸುಮ್ಮನಿರುವುದಿಲ್ಲ" ಎಂದರೆ, ಮೋಸ ಮಾಡುವವರೆಂದು ಆಟಕ್ಕೆ ಮೊದಲೇ ಠಸ್ಸೆ ಒತ್ತಿದಂತೆ. "ನಾನು ನಿಷ್ಪಕ್ಷಪಾತಿ" ಎಂದು ಹೇಳಿಕೊಳ್ಳುವುದೂ ಅಷ್ಟೆ. ಅದನ್ನು ಆಟ ಮುಗಿದ ಮೇಲೆ ಬೇರೆಯವರು ಹೇಳಬೇಕು.

2023ರ ಅಕ್ಟೋಬರಿನಲ್ಲಿ ಚೀನಾದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟವನ್ನು ಟಿ.ವಿ.ಯಲ್ಲಿ ನೋಡುತ್ತಿದ್ದೆ. ನಮ್ಮ ಹೆಣ್ಣುಮಕ್ಕಳು ಚೈನೀಸ್ ತೈಪೆಯನ್ನು 26-25ರಿಂದ ಸೋಲಿಸಿ ಚಿನ್ನ ಗೆದ್ದರು. ಒಂದೇ ಪಾಯಿಂಟು! ಪುರುಷರ ಫೈನಲ್ ಇರಾನಿನ ಮೇಲೆ. 28-28 ಇದ್ದಾಗ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು. ಅವರ ಹಿಂದೆಯೇ ಇರಾನಿನ ಆಟಗಾರರೂ ನುಗ್ಗಿದರು. ಹಳೆಯ ನಿಯಮದಂತೆ ಹಿಂದೆ ನುಗ್ಗಿದವರೂ ಔಟು, ಹೊಸದರಂತೆ ರೈಡರ್ ಮಾತ್ರ. ಯಾವುದನ್ನು ಹಿಡಿಯಬೇಕೆಂದು ತೀರ್ಪು ಅತ್ತಿತ್ತ ಹೊಯ್ದಾಡಿತು. ಆಟಗಾರರು ಅಂಗಳದಲ್ಲೇ ಕುಳಿತರು. ಸುಮಾರು ಒಂದು ಗಂಟೆ ಆಟ ನಿಂತು, ಕೊನೆಗೆ ಭಾರತ 33-29ರಿಂದ ಗೆದ್ದಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಮುಂದೆ ಮಾತ್ರ ಕೆಸರು ಮೆತ್ತಿದ ಎರಡು ಕಾಲು ಬಂದು ನಿಂತವು.

ಆಟದ ಅಂಗಳದ ಮಾತು ನಮಗ್ಯಾಕೆ ಎನ್ನಬೇಡಿ. ನಮ್ಮ ಮನೆಗೆ ಸೊಸೆ ಬಂದ ಮೊದಲ ಗಣೇಶನ ಹಬ್ಬ. ನಮ್ಮಲ್ಲಿ ನೈವೇದ್ಯವಾಗುವವರೆಗೆ ಕಾಫಿಯನ್ನೂ ಮುಟ್ಟುವುದಿಲ್ಲ. ಆ ಹುಡುಗಿ ಬೆಳಗ್ಗೆ ಎದ್ದು, ಸ್ನಾನ ಮಾಡಿ, ಎಲ್ಲರಿಗೂ ಕಾಫಿ ಬೆರೆಸಿ ತಾನೂ ಒಂದು ಲೋಟ ಕುಡಿದಿದ್ದಳು. ನಾನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಮಧ್ಯಾಹ್ನದವರೆಗೂ ಮುಖ ಗಂಟು ಹಾಕಿಕೊಂಡೇ ಇದ್ದೆ. ಪಾತ್ರೆ ತೊಳೆಯುವಾಗ ಅವಳು ಮೆಲ್ಲಗೆ, "ಅತ್ತೆ, ಮೊದಲೇ ಹೇಳಿದ್ರೆ ನಾನು ಕುಡೀತಾನೇ ಇರ್ಲಿಲ್ಲ" ಎಂದಳು.

ಅದೇ ಮಾತು! ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ನನ್ನ ಮಗಳಿಗೆ ಆ ನಿಯಮ ಗೊತ್ತಿತ್ತು, ಅವಳು ಈ ಮನೆಯಲ್ಲೇ ಹುಟ್ಟಿದವಳು. ಹೊರಗಿನಿಂದ ಬಂದವಳಿಗೆ ಯಾರು ಹೇಳಬೇಕಿತ್ತು? ಮದುವೆಯ ದಿನ ನಾವು ಅವಳಿಗೆ ಹೇಳಿದ್ದೆಲ್ಲ "ಹೊಂದಿಕೊಂಡು ಹೋಗಮ್ಮ" ಎಂದು. ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ಒಬ್ಬರೂ ಹೇಳಿರಲಿಲ್ಲ. ಅಂಗಳದಲ್ಲಿ ನಾನು ಮಾಡುತ್ತಿದ್ದ ಭಾಷಣವೂ ಇಂಥದ್ದೇ. ಆ ದಿನ ಮಾತ್ರ ನಾನು ಹಿಂದೆ ಸರಿಯಲಿಲ್ಲ. "ತಪ್ಪು ನಂದೇ ಕಣಮ್ಮ, ನಿಂದಲ್ಲ" ಎಂದೆ. ಇಷ್ಟು ಸಣ್ಣ ಮಾತನ್ನು ಆ ಹುಡುಗಿಗೆ ಹೇಳಲಾಗಲಿಲ್ಲವಲ್ಲ ಎಂದು ರಾತ್ರಿಯೆಲ್ಲ ಅನ್ನಿಸಿತು.

1996ರ ಆ ಪಂದ್ಯದ ನಂತರ ನಿವೃತ್ತಿಯವರೆಗೂ ನನ್ನ ಭಾಷಣ ಕಿರಿದಾಗುತ್ತಲೇ ಹೋಗಿತ್ತು. ಎರಡೂ ತಂಡದವರನ್ನು ಒಟ್ಟಿಗೇ ನಿಲ್ಲಿಸಿಕೊಳ್ಳುತ್ತಿದ್ದೆ. ಒಬ್ಬರೇ ಬಂದು ಏನಾದರೂ ಕೇಳಿದರೆ, "ಇರಿ, ಅವರೂ ಬರಲಿ" ಎನ್ನುತ್ತಿದ್ದೆ. ಪುಸ್ತಕದಲ್ಲಿಲ್ಲದೆ ಈ ದಿನ, ಈ ಅಂಗಳಕ್ಕಾಗಿ ನಾನು ಮಾಡಿದ ತೀರ್ಮಾನ ಏನಿದೆಯೋ ಅಷ್ಟನ್ನು, ಅಂಚಿನವರೆಗೂ ನಡೆದು ಕೈಮಾಡಿ ತೋರಿಸಿ ಹೇಳುತ್ತಿದ್ದೆ. ಅನುಮಾನವಿದ್ದರೆ ನಾಯಕಿ ಬಂದು ಕೇಳಬಹುದು, ಕೇಳಿದ್ದಕ್ಕೆ ನಾನು ಸಿಟ್ಟಾಗುವುದಿಲ್ಲ ಎನ್ನುತ್ತಿದ್ದೆ. "ತೀರ್ಪೇ ಅಂತಿಮ" ಎಂಬ ಮಾತು ಬಿಟ್ಟೇಬಿಟ್ಟೆ. ಅದು ಹೇಗೂ ಪುಸ್ತಕದಲ್ಲಿದೆ.

ಆ ಹುಡುಗಿಗೆ ಈಗ ನಲವತ್ತರ ಆಸುಪಾಸಾಗಿರಬೇಕು. ಅವಳ ಹೆಸರು ನನಗೆ ನೆನಪಿಲ್ಲ, ಅದೂ ಒಂದು ನಾಚಿಕೆ. ಯಾವುದೋ ಊರಿನಲ್ಲಿ ಅವಳ ಮಗಳೂ ಅಂಗಳಕ್ಕೆ ಇಳಿಯುತ್ತಿರಬಹುದು. ಸೀಟಿ ಊದುವ ಮೊದಲು ಯಾರಾದರೂ ಆ ಮಗುವನ್ನು ಕರೆದು, "ನೋಡಮ್ಮ, ಆ ಕಡೆ ಕೆಸರಿದೆ" ಎಂದು ಹೇಳಲಿ.