ರುಜು ಕೇಳುವ ಕಾಲ

ಒಬ್ಬ ಒಳ್ಳೆಯ ದೊರೆ ಒಳ್ಳೆಯ ಕಾನೂನು ಮಾಡಿಕೊಟ್ಟರೆ ಸಾಲದೆ, ಐನೂರು ಮಂದಿ ಕೂತು ಕೂಗಾಡಬೇಕೆ? ಹೀಗೆ ಕೇಳುವವರನ್ನು ತಳ್ಳಿಹಾಕುವಂತಿಲ್ಲ. ಹಿಂದೂ ವಿಧವೆಯರಿಗೆ ಆಸ್ತಿಯಲ್ಲಿ ಹಕ್ಕು ಕೊಡುವ ಕಾನೂನು ಬ್ರಿಟಿಷ್ ಇಂಡಿಯಾದಲ್ಲಿ ಬಂದದ್ದು 1937ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿನಲ್ಲಿ ಸ್ತ್ರೀಯರ ಹಕ್ಕಿನ ಶಾಸನ 1933ರಲ್ಲೇ ಬಂದಿತ್ತು. ಪ್ರಜಾಪ್ರತಿನಿಧಿ ಸಭೆಯಿದ್ದರೂ ಅಲ್ಲಿ ಕೊನೆಯ ಮಾತು ಅರಮನೆಯದೇ.

ಆದರೂ ನನ್ನ ಮತ ಗದ್ದಲದ ಸಂಸತ್ತಿಗೇ. ದೊರೆ ಕೊಟ್ಟದ್ದು ದಾನ. ಮುಂದಿನ ದೊರೆಯ ಮನಸ್ಸು ಹೇಗೋ ಏನೋ!

ಹಿಂದೂ ಸಂಹಿತೆಯ ಕತೆ ನೋಡಿ. ಮಸೂದೆಯ ಹೊಣೆ ಹೊತ್ತ ಅಂಬೇಡ್ಕರ್, ಅದು ಕೈಗೂಡದ್ದೂ ಒಂದು ಕಾರಣವಾಗಿ 1951ರಲ್ಲಿ ಮಂತ್ರಿಪದವಿ ಬಿಟ್ಟರು. ವಯಸ್ಕರೆಲ್ಲರ ಮತದಿಂದ ಆರಿಸಿ ಬಾರದ ಸಭೆಗೆ ಇಂಥ ಬದಲಾವಣೆ ಮಾಡುವ ಅಧಿಕಾರವೆಲ್ಲಿದೆ ಎಂಬುದು ವಿರೋಧಿಗಳ ಒಂದು ವಾದ. ಮೊದಲ ಮಹಾಚುನಾವಣೆ ನಡೆದು ಹೊಸ ಲೋಕಸಭೆ ಬಂದ ಮೇಲೆ ಆ ವಾದಕ್ಕೆ ನೆಲೆಯಿಲ್ಲದಾಯಿತು. 1955–56ರಲ್ಲಿ ಮಸೂದೆ ನಾಲ್ಕು ಕಾಯಿದೆಗಳಾಗಿ ಬಂತು. ವಿರೋಧಿಸಿದವರೂ ಮಾತಾಡಿ, ಮತ ಹಾಕಿ ಸೋತಿದ್ದರು. ಹಾಗೆ ಸೋತವನಿಗೆ ಕಾನೂನು ಪಾಲಿಸುವುದು ಅವಮಾನವಲ್ಲ. ಮುಂದಿನ ಚುನಾವಣೆ ಅವನಿಗೂ ಇದೆ.

ಆ ಕಾಯಿದೆಗಳಲ್ಲೂ ಕೊರತೆಯಿತ್ತು. ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಸಿಕ್ಕಿತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕದ ಶಾಸನಸಭೆಯ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು. ಅದು ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರಲ್ಲಿ ಸಂಸತ್ತು ಆ ಭೇದವನ್ನೂ ತೆಗೆಯಿತು. ಐವತ್ತು ವರ್ಷ ತಡವೆಂದರೆ ಒಪ್ಪುತ್ತೇನೆ. ಆ ತಡದಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಾಳು ಮುಗಿದೇಹೋಯಿತು. ಆದರೆ ತಿದ್ದುವ ದಾರಿ ಮುಚ್ಚಿರಲಿಲ್ಲ. ತಿದ್ದಿಸಲು ಯಾರ ಕಾಲಿಗೂ ಬೀಳಬೇಕಿರಲಿಲ್ಲ.

ಈಗಲೂ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಅಣ್ಣಂದಿರು ನಮ್ಮೂರಿನಲ್ಲಿದ್ದಾರೆ. ಅರಿಸಿನ ಕುಂಕುಮ, ಒಂದು ಸೀರೆ ಕೊಟ್ಟು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಕಾನೂನು ಸೋತಿತೆಂದು ಕೆಲವರು ನಗುತ್ತಾರೆ. ನನಗೆ ಹಾಗೆ ತೋರದು. ಮೊದಲು ಅವಳ ರುಜುವೇ ಬೇಕಿರಲಿಲ್ಲ. ಈಗ ಕೇಳಲೇಬೇಕು, ಅವಳು ಒಲ್ಲೆ ಎನ್ನಬಹುದು.

ಮನೆಯ ಆಸ್ತಿಯಲ್ಲಿ ಅಣ್ಣನ ಸಮಕ್ಕೆ ನಿಲ್ಲಲು ಅವಳು 2005ರವರೆಗೆ ಕಾಯಬೇಕಾಯಿತು. ಮತಪೆಟ್ಟಿಗೆಯ ಮುಂದೆ ಮಾತ್ರ ಮೊದಲ ಮಹಾಚುನಾವಣೆಯಲ್ಲೇ ಸಮವಾಗಿ ನಿಂತಿದ್ದಳು. ಅವಳಿಗೆ ಸಿಕ್ಕ ಮೊದಲ ಸಮಪಾಲು ಅದೇ.