ಗಡಿ ದಾಟದ ವಾರಂಟಿ

ಅಮೆರಿಕದಿಂದ ಯಾರಾದ್ರೂ ಬರ್ತಿದ್ದಾರೆ ಅಂದ್ರೆ ನಮ್ಮ ಆಫೀಸಿನ ಹುಡುಗರು ಈಗ ಚಾಕಲೇಟ್ ಕೇಳೋದಿಲ್ಲ, ಗ್ರಾಫಿಕ್ಸ್ ಕಾರ್ಡ್ ಕೇಳ್ತಾರೆ. ಗೇಮ್ ಆಡೋರು ಕೆಲವರು, ವಿಡಿಯೋ ಎಡಿಟ್ ಮಾಡೋರು ಕೆಲವರು, ಮನೆಯಲ್ಲೇ ಎಐ ಮಾಡೆಲ್ ಓಡಿಸಿ ನೋಡ್ಬೇಕು ಅನ್ನೋರು ಇನ್ನು ಕೆಲವರು. ಎಲ್ಲರ ಲೆಕ್ಕವೂ ಒಂದೇ: ಅಲ್ಲಿ ಅಗ್ಗ, ಇಲ್ಲಿ ದುಬಾರಿ. ವಾರಂಟಿ ಕತೆ ಏನಪ್ಪಾ ಅಂತ ಕೇಳಿದ್ರೆ, "ಏನೂ ಆಗಲ್ಲ ಬಿಡಿ ಗುರು" ಅಂತಾರೆ. ಹೆಚ್ಚಿನ ಸಲ ಏನೂ ಆಗೋದಿಲ್ಲ, ನಿಜ. ಆದರೆ ಕೆಟ್ಟಾಗ ನಾವು ಯಾರ ಹತ್ತಿರ ಏನನ್ನು ನ್ಯಾಯವಾಗಿ ಕೇಳಬಹುದು ಅನ್ನುವ ಪ್ರಶ್ನೆ ಇದೆಯಲ್ಲ, ಅದು ಅಷ್ಟು ಸುಲಭದ್ದಲ್ಲ.

ಮೊದಲು ದುಡ್ಡಿನ ಲೆಕ್ಕ ನೋಡೋಣ. 2023ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4070 ಬಂದಾಗ ಅಮೆರಿಕದಲ್ಲಿ ಅದರ ಬೆಲೆ 599 ಡಾಲರ್. ಡಾಲರಿಗೆ 82 ರೂಪಾಯಿ ಹಿಡಿದರೆ 49,000ದ ಆಸುಪಾಸು. ಭಾರತದಲ್ಲಿ ಆರಂಭಿಕ ಬೆಲೆ 62,000. ಹದಿಮೂರು ಸಾವಿರ ಮಧ್ಯದಲ್ಲಿ ಯಾರೋ ತಿಂದ್ರು ಅನಿಸುತ್ತೆ ಅಲ್ವಾ? ಆದರೆ ಅಮೆರಿಕದವರು ಹೇಳುವ ಬೆಲೆಯಲ್ಲಿ ತೆರಿಗೆ ಸೇರಿರೋದಿಲ್ಲ. ನಮ್ಮದರಲ್ಲಿ ಶೇ. 18ರ ಜಿಎಸ್‌ಟಿ ಒಳಗೇ ಇರುತ್ತೆ. 49,000ಕ್ಕೆ ಅದನ್ನು ಸೇರಿಸಿದರೆ 58,000 ಹತ್ತಿರ ಬರುತ್ತೆ. ಉಳಿದದ್ದು ನಾಲ್ಕು ಸಾವಿರ. ಹಡಗಿನಲ್ಲೋ ವಿಮಾನದಲ್ಲೋ ತರಿಸುವ ಖರ್ಚು, ಡಿಸ್ಟ್ರಿಬ್ಯೂಟರ್, ಕೆಟ್ಟರೆ ತಗೊಂಡು ಬದಲಿಸಿಕೊಡುವ ಸರ್ವೀಸ್ ಸೆಂಟರ್ ಎಲ್ಲ ಈ ನಾಲ್ಕು ಸಾವಿರದ ಮೇಲೆ ಕಣ್ಣಿಟ್ಟಿರುತ್ತೆ. ಹಾಗಂತ ಅಂಗಡಿಯವರೆಲ್ಲ ಸತ್ಯಹರಿಶ್ಚಂದ್ರರಲ್ಲ. 2021ರಲ್ಲಿ ಕ್ರಿಪ್ಟೋ ಮೈನಿಂಗ್ ಹುಚ್ಚು ಏರಿದಾಗ ಬಾಯಿಗೆ ಬಂದ ಬೆಲೆ ಹೇಳ್ತಿದ್ದಿದ್ದನ್ನು ನಾವೆಲ್ಲ ನೋಡಿದ್ದೀವಿ. ಹೊರಗಿನಿಂದ ತರಿಸುವವರನ್ನು ನಾನಂತೂ ದೂರೋದಿಲ್ಲ.

ನನ್ನ ಗೆಳೆಯನೊಬ್ಬ ರಾಜಾಜಿನಗರದ ಮನೆಯ ಒಂದು ಕೋಣೆಯಲ್ಲಿ ಕೂತು ಆರ್ಕಿಟೆಕ್ಟ್‌ಗಳಿಗೆ ತ್ರೀಡಿ ವಾಕ್‌ಥ್ರೂ ಮಾಡಿಕೊಡ್ತಾನೆ. ಕಟ್ಟದ ಮನೆಯೊಳಗೆ ಗಿರಾಕಿಯನ್ನು ಓಡಾಡಿಸುವ ಕೆಲಸ. ಅವನಿಗೆ ಕಾರ್ಡ್ ಅಂದ್ರೆ ಆಟಿಕೆಯಲ್ಲ, ನೇಗಿಲು. ಪೋರ್ಟ್‌ಲ್ಯಾಂಡಿನಲ್ಲಿರುವ ಚಿಕ್ಕಪ್ಪನ ಮಗನ ಕೈಲಿ ಇದೇ 4070 ತರಿಸಿದ. ಆರಿಗನ್ ರಾಜ್ಯದಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ. 2016ರ ಬ್ಯಾಗೇಜ್ ನಿಯಮದ ಪ್ರಕಾರ ಆಗ ಸುಂಕವಿಲ್ಲದೆ ತರಬಹುದಾಗಿದ್ದ ಮಿತಿ 50,000 ರೂಪಾಯಿ. ಬಿಲ್ ಅದರೊಳಗೇ ಇತ್ತು. ಬಚ್ಚಿಟ್ಟು ತಂದದ್ದೇನೂ ಅಲ್ಲ.

ಹನ್ನೊಂದನೇ ತಿಂಗಳಿಗೆ ಪರದೆ ಕಪ್ಪಾಯ್ತು. ಪೆಟ್ಟಿಗೆಯ ಮೇಲೆ ಮೂರು ವರ್ಷದ ವಾರಂಟಿ ಅಂತ ದಪ್ಪಕ್ಷರದಲ್ಲೇ ಇದೆ. ಕಾರ್ಡ್ ತಯಾರಿಸಿದ ಕಂಪನಿಗೆ ಬರೆದರೆ ವಿನಯದ ಉತ್ತರ ಬಂತು: ಕೊಂಡ ದೇಶದ ಸರ್ವೀಸ್ ಸೆಂಟರಿಗೇ ಕಳಿಸಿ, ವಾಪಸ್ ಕಳಿಸಲು ಅದೇ ದೇಶದ ವಿಳಾಸ ಕೊಡಿ. ಅಂದ್ರೆ ಹೋಗುವ ಕೊರಿಯರ್, ಅಲ್ಲಿ ಅದನ್ನು ಇಸ್ಕೊಳ್ಳೋಕೆ ಒಬ್ಬ ನೆಂಟ, ಬರುವಾಗ ಮತ್ತೆ ಕಸ್ಟಮ್ಸ್. ಅವನಿಗೆ ಸಿಟ್ಟು ಬಂತು, ಬರಬೇಕಾದ್ದೇ. "ಕಾರ್ಡ್ ಮೇಲಿರೋ ಹೆಸರು ಅದೇ, ಫ್ಯಾಕ್ಟರಿ ಅದೇ. ಜಾಹೀರಾತು ಬೆಂಗಳೂರಿನಲ್ಲೂ ಹಾಕ್ತಾರೆ. ಮಾತು ಮಾತ್ರ ಇಲ್ಲಿಗೆ ಬರಲ್ವಾ?"

ಈ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ನನಗನಿಸೋದು, ವಾರಂಟಿ ಅನ್ನೋ ಒಂದೇ ಪದದೊಳಗೆ ಎರಡು ಮಾತುಗಳು ಸೇರಿಕೊಂಡಿವೆ. ಒಂದು, "ನಾವು ಇದನ್ನು ಸರಿಯಾಗಿ ಮಾಡಿದ್ದೀವಿ" ಅನ್ನೋದು. ಇನ್ನೊಂದು, "ಕೆಟ್ಟರೆ ನಿಮ್ಮೂರಲ್ಲಿ ನಮ್ಮವರು ನೋಡ್ಕೋತಾರೆ" ಅನ್ನೋದು. ಮೊದಲನೆಯದು ತಯಾರಿಸಿದವನ ಹೆಸರಿಗೆ ಅಂಟಿದ್ದು. ಬೆಸುಗೆ ಕಚ್ಚಾ ಆಗಿದ್ದರೆ ಅದು ಪೋರ್ಟ್‌ಲ್ಯಾಂಡಿನಲ್ಲೂ ಕಚ್ಚಾ, ರಾಜಾಜಿನಗರದಲ್ಲೂ ಕಚ್ಚಾ. ಆ ಹೊಣೆ ಗಡಿಯಲ್ಲಿ ನಿಲ್ಲಬಾರದು. ಇವಿಜಿಎ ಕಂಪನಿ 2022ರ ಸೆಪ್ಟೆಂಬರ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ವ್ಯಾಪಾರವನ್ನೇ ಬಿಟ್ಟಿತು. ಬಿಡುವಾಗಲೂ, ಈಗಾಗಲೇ ಮಾರಿದ ಕಾರ್ಡ್‌ಗಳ ವಾರಂಟಿ ನಡೆಸಿಕೊಡ್ತೀವಿ ಅಂತ ಹೇಳಿತು. ಅಂಗಡಿ ಮುಚ್ಚಿದರೂ ಮಾತು ಉಳಿಸಬಹುದು ಅಂದಮೇಲೆ, ಅಂಗಡಿ ತೆರೆದಿಟ್ಟುಕೊಂಡು ದೇಶದ ನೆಪ ಹೇಳೋದು ನನಗೆ ಒಪ್ಪಿಗೆಯಾಗೋದಿಲ್ಲ.

ಎರಡನೆಯ ಮಾತು ಬೇರೆ ಥರದ್ದು. ಅದಕ್ಕೆ ಇಲ್ಲಿ ಬಾಡಿಗೆ ಕಟ್ಟಬೇಕು, ಬಿಡಿಭಾಗ ಇಟ್ಟಿರಬೇಕು, ಒಬ್ಬನಿಗೆ ಸಂಬಳ ಕೊಡಬೇಕು. ಆ ಖರ್ಚನ್ನು ಹೊತ್ತಿರೋದು ಇಲ್ಲಿ ಕೊಂಡವರು. ನಾವು ಅದನ್ನು ಬೇಡ ಅಂತ ಬಿಟ್ಟೇ ಕೊಂಡಿರೋದು, ಹಾಗಾಗಿ ಅಗ್ಗ. ಇಲ್ಲಿ ಇನ್ನೊಂದು ವಿಷಯವೂ ಇದೆ, ಗಡಿ ದಾಟಿದ್ದು ಯಾರು ಅನ್ನೋದು. ಸ್ಟೀಮ್ ನಡೆಸುವ ವಾಲ್ವ್ ಕಂಪನಿ ಅಮೆರಿಕದ್ದು. ಆಸ್ಟ್ರೇಲಿಯಾದವರಿಗೆ ಗೇಮ್ ಮಾರಿ, ಹಣ ವಾಪಸ್ ಕೊಡುವ ವಿಷಯದಲ್ಲಿ ಅಲ್ಲಿನ ಗ್ರಾಹಕರ ಹಕ್ಕನ್ನು ತಪ್ಪಾಗಿ ಹೇಳಿತ್ತು. 2016ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ನಿಮಗೆ ನಮ್ಮ ಕಾನೂನೇ ಅನ್ವಯ ಅಂತ ಹೇಳಿ 30 ಲಕ್ಷ ಡಾಲರ್ ದಂಡ ಹಾಕಿತು. ಅಲ್ಲಿ ಮಾರುವವನು ಗಿರಾಕಿಯ ಮನೆ ಬಾಗಿಲಿಗೆ ಬಂದಿದ್ದ. ನನ್ನ ಗೆಳೆಯನ ವಿಷಯದಲ್ಲಿ ಅಂಗಡಿಯವನು ಪೋರ್ಟ್‌ಲ್ಯಾಂಡಿನಲ್ಲೇ ಇದ್ದ, ಹುಡುಕಿಕೊಂಡು ಹೋದವರು ನಾವು.

ಗೆಳೆಯ ಮುಂದೆ ಎರಡು ದಾರಿ ಯೋಚಿಸಿದ. ಎಸ್.ಪಿ. ರೋಡಿನಲ್ಲಿ ನನಗೆ ಪರಿಚಯದ ಅಂಗಡಿಯೊಂದಿದೆ. ಜೊತೆಗೆ ಬಂದು, ಈ ಕಾರ್ಡಿಗೆ ಹಳೇ ತಾರೀಖಿನ ಬಿಲ್ ಹಾಕಿಕೊಡ್ತೀರಾ ಅಂತ ಅವನೇ ಕೇಳಿದ. ಅಂಗಡಿಯವರು ನಕ್ಕರು. "ಸೀರಿಯಲ್ ನಂಬರ್ ನಮ್ಮ ಸ್ಟಾಕಲ್ಲಿ ಇರಬೇಕಲ್ಲ ಸರ್. ಡಿಸ್ಟ್ರಿಬ್ಯೂಟರ್ ಕೇಳಿದ್ರೆ ನಾನೇನ್ ಹೇಳ್ಲಿ?" ಅಲ್ಲಿಗೆ ಅದು ಮುಗೀತು.

ಎರಡನೆಯ ದಾರಿ ಹೆಚ್ಚು ಜಾರುವಂಥದ್ದು. ಚಿಪ್ ಮಟ್ಟದಲ್ಲಿ ರಿಪೇರಿ ಮಾಡುವ ಒಬ್ಬರು ಏಳು ಸಾವಿರಕ್ಕೆ ಕಾರ್ಡನ್ನು ಬದುಕಿಸಿಕೊಟ್ಟರು. ಇನ್ನೆಷ್ಟು ದಿನ ಓಡುತ್ತೋ ಗೊತ್ತಿಲ್ಲ ಅಂತಲೂ ಹೇಳಿದರು. ಕೆಲಸಕ್ಕೆ ಅದನ್ನು ನಂಬೋಕಾಗಲ್ಲ, ಹೊಸದಕ್ಕೆ ದುಡ್ಡು ಬೇಕು. ಸೆಕೆಂಡ್‌ಹ್ಯಾಂಡ್ ಮಾರೋಣ ಅಂದುಕೊಂಡು ಜಾಹೀರಾತು ಬರೆದು ನನಗೆ ತೋರಿಸಿದ: "ಒಂದೇ ವರ್ಷ ಬಳಸಿದ್ದು, ಇನ್ನೂ ಎರಡು ವರ್ಷ ವಾರಂಟಿ ಇದೆ."

"ಸುಳ್ಳೇನಿದೆ? ಪೆಟ್ಟಿಗೆ ಮೇಲೆ ಹಾಗೇ ಇದೆ. ಕಂಪನಿ ನನಗೆ ಹೇಗೆ ಹೇಳ್ತೋ ನಾನೂ ಹಾಗೇ ಹೇಳ್ತೀನಿ" ಅಂದ.

ನನಗೆ ನೆನಪಾದದ್ದು 2012ರ ಒಂದು ತೀರ್ಪು. ಹೊರದೇಶದಿಂದ ಅಸಲಿ ಪ್ರಿಂಟರ್‌ಗಳನ್ನು ತರಿಸಿ ಇಲ್ಲಿ ಮಾರುತ್ತಿದ್ದವರ ಮೇಲೆ ಸ್ಯಾಮ್‌ಸಂಗ್ ಮೊಕದ್ದಮೆ ಹೂಡಿತ್ತು. ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅವರ ವ್ಯಾಪಾರವನ್ನು ನಿಲ್ಲಿಸಲಿಲ್ಲ. ಮಾರಿ, ಆದರೆ ಇದು ಆಮದು ಮಾಡಿದ್ದು, ಇದಕ್ಕೆ ಸ್ಯಾಮ್‌ಸಂಗ್‌ನ ವಾರಂಟಿ ಇಲ್ಲ ಅಂತ ಅಂಗಡಿಯಲ್ಲಿ ಎದ್ದು ಕಾಣುವ ಹಾಗೆ ಬೋರ್ಡ್ ಹಾಕಿ ಅಂತ ಹೇಳಿತು. ನನಗೆ ಆ ತೀರ್ಪಿನ ವಿವೇಕ ಇಷ್ಟ. ಅಗ್ಗಕ್ಕೆ ಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಅಪಾಯವನ್ನು ತಿಳಿದು ಹೊರುವ ಸ್ವಾತಂತ್ರ್ಯವೂ ಇದೆ. ಆದರೆ ನಾನು ಹೊತ್ತ ಅಪಾಯವನ್ನು ಸದ್ದಿಲ್ಲದೆ ಇನ್ನೊಬ್ಬನ ಹೆಗಲಿಗೆ ದಾಟಿಸುವ ಹಕ್ಕು ಯಾರಿಗೂ ಇಲ್ಲ. ಕಂಪನಿ ಸಣ್ಣ ಅಕ್ಷರದಲ್ಲಿ ನಮಗೆ ಮಾಡಿದ್ದು ಅನ್ಯಾಯ ಅಂತಾದರೆ, ಅದನ್ನೇ ನಾವು ಇನ್ನೊಬ್ಬರಿಗೆ ಮಾಡಿದಾಗ ಅದು ಜಾಣತನ ಆಗೋದು ಹೇಗೆ?

ಇದನ್ನೇ ಅವನಿಗೆ ಹೇಳಿದೆ. "ನಿನಗೇನು, ದುಡ್ಡು ನಂದು" ಅಂದ. ಅದೂ ನ್ಯಾಯವೇ. ನೀತಿಯ ಮಾತಾಡಲು ನನಗೆ ಒಂದು ರೂಪಾಯಿಯೂ ಖರ್ಚಿರಲಿಲ್ಲ. ಎರಡು ದಿನ ಬಿಟ್ಟು ಜಾಹೀರಾತನ್ನು ತಿದ್ದಿ ಬರೆದ: ಅಮೆರಿಕದಿಂದ ತಂದದ್ದು, ಒಮ್ಮೆ ರಿಪೇರಿಯಾಗಿದೆ, ವಾರಂಟಿ ಇಲ್ಲ. ಅದೇ ಮಾಡೆಲ್ಲಿನ ಬೇರೆ ಕಾರ್ಡ್‌ಗಳಿಗಿಂತ ಹದಿನಾಲ್ಕು ಸಾವಿರ ಕಡಿಮೆಗೆ ಹೋಯ್ತು. ಕೊಂಡವನು ಎಂಜಿನಿಯರಿಂಗ್ ಓದುವ ಹುಡುಗ, ಎಲ್ಲ ತಿಳಿದೇ ಕೊಂಡ. ಗೆಳೆಯನಿಗೆ ಆ ಹದಿನಾಲ್ಕು ಸಾವಿರದ ಬೇಜಾರು ಇನ್ನೂ ಹೋಗಿಲ್ಲ.

ಈಗ ಆಫೀಸಿನ ಹುಡುಗರು ಕೇಳಿದ್ರೆ ತರಿಸ್ಕೊಳ್ಳಿ ಅಂತಲೇ ಹೇಳ್ತೀನಿ. ಉಳಿದ ದುಡ್ಡನ್ನು ಮೂರು ವರ್ಷ ಮುಟ್ಟಬೇಡಿ, ನಿಮ್ಮ ವಾರಂಟಿ ಅದೇ. ಮಾರುವ ದಿನ ಬಂದರೆ, ಎಲ್ಲಿಂದ ಬಂದದ್ದು ಅಂತ ಮೊದಲನೇ ಸಾಲಿನಲ್ಲೇ ಬರೀರಿ.